ಖಾನಾಪುರದ ಕಹಿ ಪ್ರಸಾದ

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಗಣಪತಿ ಗಲ್ಲಿಯ ನಮ್ಮ ಮನೆಯ ಮುಂದೆ ಟಾಂಗಾ ಬಂದು ನಿಂತಿತು. ದಸರೆ ಮುಗಿದು ಎಂಟು ದಿನವಾಗಿತ್ತು, ಮಳೆ ಹಿಂದೆ ಸರಿದಿತ್ತು, ಬೆಳಗಾವಿಯ ಗಾಳಿಯಲ್ಲಿ ಸಣ್ಣಗೆ ಚಳಿ ಸೇರಿತ್ತು. ಸ್ಟೇಶನ್ನಿಗೆ ಟಾಂಗಾದವನು ಮೂರಾಣೆ ಕೇಳಿದ. ಎರಡಾಣೆಗೆ ಬರುವುದಾದರೆ ಬಾ ಎಂದೆ. ನನ್ನನ್ನೂ ನನ್ನ ಸಾಮಾನನ್ನೂ ಒಂದು ಸಲ ನೋಡಿ, "ನಿಮಗ ಎರಡಾಣೆ ಸಾಕ್ರಿ, ಹಾಸಗೀಗೆ ಒಂದಾಣೆ" ಎಂದ. ಕೊಟ್ಟೆ. ಪ್ರವಾಸ ಹೊರಟ ಮನುಷ್ಯ ಬಾಗಿಲಲ್ಲೇ ಜಗಳ ತೆಗೆಯಬಾರದೆಂದು ನನ್ನ ಮನೆಯವಳು ಕಣ್ಣು ಬಿಟ್ಟಿದ್ದಳು.

ಸಾಮಾನೆಂದರೆ ಒಂದು ಹಾಸಿಗೆ ಸುರುಳಿ, ಒಂದು ಕೊಡೆ, ದಶಮಿ ರೊಟ್ಟಿ ಮತ್ತು ಬೆಳ್ಳುಳ್ಳಿ ಚಟ್ನಿಯ ಡಬ್ಬಿ, ಒಂದು ನೋಟುಪುಸ್ತಕ. ನೋಟುಪುಸ್ತಕದ ಮೊದಲ ಪುಟದಲ್ಲಿ ಹಿಂದಿನ ಸಂಜೆಯೇ "ತಪಾಸಣೆ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಅದನ್ನು ನೋಡಿ ಮನೆಯವಳು, "ಪೋಲೀಸ್ ಪಾಟೀಲನ ಹಂಗ ಹೊಂಟೀರಲ್ಲ. ಮೊದಲ ಪೂರಾ ಕೇಳಿ, ಆಮ್ಯಾಲೆ ಸಿಟ್ಟಾಗ್ರಿ" ಎಂದಳು. ನಾನು ಇಪ್ಪತ್ತೆರಡು ವರ್ಷದಿಂದ ಕನ್ನಡ ಶಾಲೆಯ ಮಾಸ್ತರ. ಮೊದಲು ಸಿಟ್ಟಾಗಿ ಆಮೇಲೆ ಕೇಳುವುದೇ ನನ್ನ ರೂಢಿ, ಅವಳಿಗೆ ಅದು ಚೆನ್ನಾಗಿ ಗೊತ್ತು.

ಏಕೆ ಹೊರಟಿದ್ದೆನೆಂಬುದನ್ನು ಮೊದಲು ಹೇಳಬೇಕು. ಬೆಳಗಾವಿಯಲ್ಲಿ ನಾವು ಹನ್ನೆರಡು ಜನ ಸೇರಿ ಒಂದು ಆರೋಗ್ಯ ಮಂಡಳಿ ಕಟ್ಟಿದ್ದೇವೆ. ಇಬ್ಬರು ವಕೀಲರು, ಮೂವರು ಮಾಸ್ತರರು, ಒಬ್ಬರು ಡಾಕ್ಟರರು, ಉಳಿದವರು ಅಂಗಡಿಕಾರರು ಮತ್ತು ಕಚೇರಿಯ ಕಾರಕೂನರು. ರವಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸೂರ್ಯನಮಸ್ಕಾರ, ಲೇಜೀಮು; ಶನಿವಾರ ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಬಾಣಂತಿ ಕೂಸುಗಳ ಆರೈಕೆಯ ಪಾಠ. ಮೊದಲ ರವಿವಾರ ನಮ್ಮ ಕಾರಕೂನರು ನೆಲ ಮುಟ್ಟಲು ಬಗ್ಗಿದವರು ಏಳಲು ಇನ್ನೊಬ್ಬರ ಕೈ ಬೇಡಿದ್ದರು. ಈಗ ಅವರೇ ಮುಂದೆ ನಿಂತು ಎಣಿಕೆ ಹೇಳುತ್ತಾರೆ. ನಾಲ್ಕು ಜನರೆದುರು ಬಾಯಿ ಬಿಡದಿದ್ದ ಒಬ್ಬ ಸೊಸೆ, ಜ್ವರ ಬಂದ ಕೂಸಿಗೆ ಏನು ಮಾಡಬೇಕೆಂದು ತನ್ನ ಅತ್ತೆಗೇ ಪಾಠ ಹೇಳಿದಳಂತೆ. ಇಂಥ ಸುದ್ದಿ ಬಂದ ದಿನ ನಾವು ಹನ್ನೆರಡು ಜನವೂ ಎರಡೆರಡು ಕಪ್ಪು ಚಹಾ ಕುಡಿಯುತ್ತೇವೆ.

ಖಾನಾಪುರದ ಕಡೆಗೆ ಚಳಿಜ್ವರದ ಕಾಟ ಬಹಳ. ಅಲ್ಲಿಯ ಹಳ್ಳಿಗಳಿಗೆ ನಾವು ಕ್ವಿನೈನ್ ಗುಳಿಗೆ ಕಳಿಸುತ್ತೇವೆ. ಶಾಲೆಯಿದ್ದ ಕಡೆ ಮಾಸ್ತರರೇ ಹಂಚಿ ನುಂಗಿಸುತ್ತಾರೆ. ಹೊಳೆದಂಡೆಯ ಒಂದು ವಾಡಿಯಲ್ಲಿ ಮಾತ್ರ ಶಾಲೆಯೂ ಇಲ್ಲ, ಔಷಧವೆಂದರೆ ಯಾರೂ ಬಾಯಿ ತೆರೆಯುವುದೂ ಇಲ್ಲ. ಆದರೆ ಅಲ್ಲಿ ಒಳ್ಳೆಯ ಭಜನಾ ಮೇಳವಿತ್ತು. ಆಗ ಮಂಡಳಿಯ ಸಭೆಯಲ್ಲಿ ಒಬ್ಬ ಜಾಣ ಎದ್ದು ನಿಂತು, "ಭಜನೆ ಮುಗಿದ ಮೇಲೆ ಗುಳಿಗೆಯನ್ನು ಪ್ರಸಾದವೆಂದು ಕೊಡಿಸೋಣ. ಪ್ರಸಾದವನ್ನು ಯಾರೂ ಒಲ್ಲೆ ಅನ್ನುವುದಿಲ್ಲ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಜಾಣ ನಾನೇ. ಭಜನೆಯ ಮುಂದಾಳು ಭರಮಣ್ಣ ಎಂಬ ಕುಂಬಾರನಿಗೆ ಗುಳಿಗೆಯ ಡಬ್ಬಿ ಹೋಯಿತು.

ಒಂದು ವರ್ಷವಾಯಿತು. ಉಳಿದ ಹಳ್ಳಿಗಳಲ್ಲಿ ಜ್ವರ ಇಳಿಯಿತು, ಭರಮಣ್ಣನ ವಾಡಿಯಲ್ಲಿ ಇದ್ದಷ್ಟೇ ಇತ್ತು. ಗುಳಿಗೆಗಳು ಮಾತ್ರ ವಾರವಾರ ಖರ್ಚಾಗುತ್ತಿದ್ದವು. ಮಂಡಳಿಯ ಪತ್ರ ಬರೆಯುವ ಕೆಲಸವೂ ನನ್ನದೇ ಆದ್ದರಿಂದ ಭರಮಣ್ಣನಿಗೆ ಒಂದು ಕಾಗದ ಬರೆದೆ: "ಗುಳಿಗೆಗಳು ರೋಗಿಗಳ ಹೊಟ್ಟೆ ಸೇರುತ್ತಿಲ್ಲವೆಂದು ಮಂಡಳಿಗೆ ಶಂಕೆ ಇರುತ್ತದೆ. ಅವು ಎಲ್ಲಿ ಹೋಗುತ್ತಿವೆ ಎಂಬುದಕ್ಕೆ ತಾವು ಜವಾಬು ಕೊಡತಕ್ಕದ್ದು." ಬರೆದು ಎರಡು ಸಲ ಓದಿಕೊಂಡಿದ್ದೆ. ಚೆನ್ನಾಗಿ ಬಂದಿದೆ ಅನ್ನಿಸಿತ್ತು. ತಿಂಗಳಾದರೂ ಜವಾಬು ಬರಲಿಲ್ಲ. ಆದ್ದರಿಂದ ನಾನೇ ಹೋಗಿ ವಿಚಾರಿಸಿ, ಸರಿ ಕಾಣದಿದ್ದರೆ ಡಬ್ಬಿ ಹಿಂದಕ್ಕೆ ತರಬೇಕೆಂದು ಠರಾವಾಯಿತು.

ರೈಲು ಅರ್ಧ ತಾಸು ತಡವಾಗಿ ಬಂತು. ಮೂರನೇ ತರಗತಿಯ ಟಿಕೀಟಿಗೆ ಐದಾಣೆಗೆ ಒಂದು ಪೈಸೆ ಕಡಿಮೆ. ಖಾನಾಪುರ ಹದಿನಾರು ಮೈಲಿ, ಸುಮಾರು ಒಂದು ತಾಸಿನ ದಾರಿ. ಕಿಟಕಿಯ ಬಾಜು ಜಾಗ ಹಿಡಿದು, ಹಾಸಿಗೆಯನ್ನು ಪಕ್ಕಕ್ಕೆ ಒರಗಿಸಿ, ಕಾಲು ಚಾಚಿ ಕುಳಿತೆ. ಊರು ದಾಟಿದೊಡನೆ ಎರಡೂ ಕಡೆ ಭತ್ತದ ಗದ್ದೆಗಳು ತೆನೆ ಬಾಗಿ ನಿಂತಿದ್ದವು. ಮೋಡವಿಲ್ಲದ ಆಕಾಶ, ಎಳೆಬಿಸಿಲು. ತಪಾಸಣೆಗೆ ಹೊರಟವನೆಂಬುದೂ ಮರೆತುಹೋಗಿ ಹುಕಿ ಬಂದು ಶಿಳ್ಳೆ ಹಾಕತೊಡಗಿದೆ.

ದೇಸೂರಿನಲ್ಲಿ ಒಬ್ಬ ಮುದುಕಿ ಹತ್ತಿದಳು. ಎಪ್ಪತ್ತರ ಹತ್ತಿರದ ವಯಸ್ಸು, ಕಚ್ಚೆ ಹಾಕಿದ ಸೀರೆ, ಕಂಕುಳಲ್ಲಿ ಗೆಣಸಿನ ಬುಟ್ಟಿ. ನನ್ನೆದುರು ನಿಂತು ಹಾಸಿಗೆಯನ್ನೇ ನೋಡಿ, "ಅದಕ್ಕೂ ಟಿಕೀಟ ತಗಸೀರೇನ್ರಿ?" ಎಂದಳು.

"ಇಲ್ಲ," ಎಂದೆ.

"ಹಂಗಾರ ಅದನ್ನ ಕೆಳಗ ಇಡ್ರಿ. ನಾ ತಗಸೇನಿ."

ಸುತ್ತಲಿನವರು ನಕ್ಕರು. ನಾನು ಹಾಸಿಗೆ ಇಳಿಸಿದೆ. ಅವಳು ಕುಳಿತು, ಬುಟ್ಟಿಯನ್ನು ನನ್ನ ಹಾಸಿಗೆಯ ಮೇಲೆಯೇ ಇಟ್ಟು, ಮರಾಠಿಯಲ್ಲಿ ಯಾರಿಗೋ ಎರಡು ಮಾತು ಆಡಿ, ಮತ್ತೆ ಕನ್ನಡಕ್ಕೆ ಬಂದಳು. ಹೆಸರು ಗೋದವ್ವ, ಮಗಳ ಮನೆಗೆ ಹೋಗಿದ್ದಳು, ಈಗ ಖಾನಾಪುರದ ಹತ್ತಿರ ಹೊಳೆದಂಡೆಯ ವಾಡಿಗೆ ತಿರುಗಿ ಹೊರಟಿದ್ದಳು. ವಾಡಿ ಎಂಬ ಮಾತು ಕೇಳಿ ನಾನು ಕಿವಿ ನೆಟ್ಟಗೆ ಮಾಡಿದೆ. ತಪಾಸಣೆ ಇಲ್ಲಿಂದಲೇ ಶುರು ಮಾಡೋಣವೆಂದು, "ಅಲ್ಲಿ ಒಳ್ಳೆ ಭಜನೆ ಇದೆಯಂತೆ" ಎಂದೆ.

"ಇತ್ರಿ," ಎಂದಳು ಗೋದವ್ವ. "ನನ್ನ ತಂಗಿ ಮಗಾ ಭರಮಾ ಮುಂದ ನಿಂತು ಹಾಡ್ತಿದ್ದಾ. ಎರಡು ಹರದಾರಿಯಿಂದ ಮಂದಿ ಬರ್ತಿತ್ತು. ಬೆಳಗಾಂವದಾಗ ಯಾವನೋ ಮಾಸ್ತರ ಅದಾನಂತ. ಅವಾ ಒಂದು ಕಾಗದಾ ಬರದಾ, ಎಲ್ಲಾ ಹಾಳಾತು."

"ಕಳ್ಳ ಅಂತ ಬರೆದಿದ್ದನೇನು?" ಎಂದು ಕೇಳಿದೆ.

"ಕಳ್ಳ ಅಂತ ಬರದಿದ್ರ ನಾಕು ಬೈದು ಸುಮ್ಮನಾಗ್ತಿದ್ವಿ. 'ಜವಾಬು ಕೊಡತಕ್ಕದ್ದು' ಅಂತ ಬರದಾನ. ಭರಮಾಗ ಓದಾಕ ಬರಂಗಿಲ್ಲ. ಟಪಾಲಿನಾವಾ ಮಾರುತಿ ಗುಡಿ ಕಟ್ಟಿ ಮ್ಯಾಲ ನಿಂತು ಎಲ್ಲಾರ ಮುಂದ ಓದಿದಾ. ಒಮ್ಮೆ ಓದಿದ್ದು ತಿಳೀಲಿಲ್ಲಂತ ಎರಡು ಸಲ ಓದಿದಾ."

ಕಾಗದ ಬರೆಯುವಾಗ ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಓದು ಬಾರದವನಿಗೆ ಬಂದ ಕಾಗದವನ್ನು ಊರೇ ಕೇಳುತ್ತದೆಂಬುದು ಮಾಸ್ತರನಾದ ನನಗೆ ತಿಳಿಯಬೇಕಿತ್ತು. ಗೋದವ್ವ ಮುಂದುವರಿಸಿದಳು. ಕಾಗದ ಓದಿದ ದಿನದಿಂದ ಭರಮಣ್ಣ ಭಜನೆಯಲ್ಲಿ ಕಂಬದ ಹಿಂದೆ ಕೂರುತ್ತಾನೆ, ತಾಳ ಮುಟ್ಟುವುದಿಲ್ಲ. ವಾಡಿಯವರು ಗಡಿಗೆ ಬೇಕಾದರೂ ಅವನ ಬಾಗಿಲು ದಾಟಿ ಖಾನಾಪುರದ ಸಂತೆಗೆ ಹೋಗುತ್ತಾರೆ. "ದೀಪಾವಳಿ ಆಗಾನ ಮಾವನ ಊರಿಗೆ ಹೋಗ್ತೀನಿ ಅಂತಾನ. ಗಡಿಗಿ ಮಾಡೂ ತಿಗರಿ ಸೈತ ಹೊತ್ಕೊಂಡು ಹೋಗಾಕ ತಯಾರಾಗ್ಯಾನ. ಹೋಗಲಿ ಅನ್ನೂದು ಹೆಂಗ್ರಿ? ನನ್ನ ಕೈಯಾಗ ಬೆಳದಾವಾ."

ಇಷ್ಟು ಹೇಳಿ ಅವಳು ಬುಟ್ಟಿಯಿಂದ ಬೇಯಿಸಿದ ಗೆಣಸು ತೆಗೆದು ನನ್ನ ಕೈಗೆ ಕೊಟ್ಟಳು. ಒಲ್ಲೆನೆಂದರೆ, "ತಿನ್ರಿ, ಮುಖ ಸಣ್ಣಾಗೇತಿ" ಎಂದಳು. ಗೆಣಸು ಬಹಳ ಸಿಹಿಯಾಗಿತ್ತು. ಆ ಮಾಸ್ತರ ನಾನೇ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಖಾನಾಪುರದಲ್ಲಿ ಇಳಿದಾಗ ಹತ್ತು ಗಂಟೆ ಹೊಡೆದಿತ್ತು. ವಾಡಿ ಅಲ್ಲಿಂದ ಎರಡು ಮೈಲಿ, ಮಲಪ್ರಭೆಯ ದಂಡೆಗುಂಟ ಕಾಲುದಾರಿ. ಕೂಲಿಯವನಿಗಾಗಿ ಅತ್ತಿತ್ತ ನೋಡುತ್ತಿದ್ದೆ. ಗೋದವ್ವ ಗೆಣಸಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಹಾಸಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ನಾನು ಬುಟ್ಟಿ ಮತ್ತು ಕೊಡೆ ಹಿಡಿದು ಏದುಸಿರು ಬಿಡುತ್ತ ಹಿಂದೆ ನಡೆದೆ. ರವಿವಾರದ ಸೂರ್ಯನಮಸ್ಕಾರಗಳು ಎಲ್ಲಿ ಹೋದವೋ ತಿಳಿಯದು. ಹೊಳೆ ತುಂಬಿ ಶಾಂತವಾಗಿ ಹರಿಯುತ್ತಿತ್ತು, ಆಚೆ ದಂಡೆಯಲ್ಲಿ ಎಮ್ಮೆಗಳು ನೀರಿಗಿಳಿದಿದ್ದವು.

ವಾಡಿಯ ಮೊದಲ ಮನೆ ಕಾಣುವಾಗ ಅವಳು ತಿರುಗಿ, "ಯಾರ ಮನಿಗ್ರಿ ನೀವು?" ಎಂದು ಕೇಳಿದಳು.

"ಭರಮಣ್ಣನ ಮನೆಗೆ."

ಅವಳು ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಽ ಏನು ಆ ಮಾಸ್ತರ್ರು?"

"ಹೌದು," ಎಂದೆ.

ಹಾಸಿಗೆಯನ್ನು ದಾರಿಯ ಮೇಲೆ ಇಳಿಸಿದಳು. ಇಲ್ಲಿಂದಲೇ ತಿರುಗಿ ಕಳಿಸುತ್ತಾಳೆಂದುಕೊಂಡೆ. ಅವಳು ಸೆರಗು ಕಟ್ಟಿ, ಮತ್ತೆ ಹಾಸಿಗೆ ಎತ್ತಿಕೊಂಡಳು. "ಊಟದ ವ್ಯಾಳ್ಯಾಕ್ಕ ಬಂದೀರಿ. ಮೊದಲ ಉಣ್ರಿ. ಉಂಡ ಮ್ಯಾಲ ಬೈತೀನಿ."

ಮಾತಿಗೆ ತಪ್ಪಲಿಲ್ಲ. ಭರಮಣ್ಣನ ಮನೆಯ ಪಡಸಾಲೆಯಲ್ಲಿ ಕೆಂಪಕ್ಕಿಯ ಅನ್ನ, ಹುರುಳಿ ಸಾರು, ಮಜ್ಜಿಗೆ ಬಡಿಸಿ, ನಾನು ಕೈ ತೊಳೆದು ಬಂದ ಮೇಲೆ ಎದುರಿಗೆ ಕುಳಿತು ಚೆನ್ನಾಗಿ ಬೈದಳು. ನಾನು ಕೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಹೀಗೆ ಪಾಠ ಹೇಳಿರಲಿಲ್ಲ.

ಭರಮಣ್ಣ ಮಾತ್ರ ಬೈಯಲಿಲ್ಲ. ನಲವತ್ತರ ಆಳು, ಉದ್ದ ಕೈಗಳು, ಮೊಣಕೈಯವರೆಗೆ ಮಣ್ಣು. ಕೈ ತೊಳೆದು ಬಂದು ಡಬ್ಬಿಯನ್ನು ನನ್ನ ಮುಂದೆ ಇಟ್ಟ. "ಉಳದಾವು ಇದರಾಗ ಅದಾವ್ರಿ. ಹಂಚಿದ್ದು ಹಂಚೇನಿ. ಇವತ್ತಿನ ಭಜನಿ ಮುಗದ ಮ್ಯಾಲ ತಗೊಂಡ ಹೋಗಿಬಿಡ್ರಿ."

"ಜವಾಬು ಏಕೆ ಬರೆಸಲಿಲ್ಲ?" ಎಂದು ಕೇಳಿದೆ.

"ಯಾರ ಕೈಲೆ ಬರಸ್ಲಿ? ಬರಿಯಾಕ ಬರೂದು ಟಪಾಲಿನಾವಗೊಬ್ಬಗ. ಅವಾ ಓದಿದ್ದು ಸಾಲದೇನ್ರಿ?"

ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಆದರೆ ಮುಖ ನೋಡಿ ತೀರ್ಪು ಕೊಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಗುಳಿಗೆ ಹಂಚಿದ್ದು ನಿಜವಾದರೆ ಜ್ವರ ಏಕೆ ಇಳಿಯಲಿಲ್ಲ? ಪ್ರಶ್ನೆ ಅಲ್ಲೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಮಾರುತಿ ಗುಡಿಯಲ್ಲಿ ಮೂವತ್ತು ನಲವತ್ತು ಜನ ಕೂಡಿದರು. ಕುಂಬಾರರು, ಗೌಳಿಗರು, ಸಣ್ಣ ಒಕ್ಕಲಿನವರು. ಮನೆಗೊಬ್ಬರು ಬರುವುದು ಅಲ್ಲಿಯ ಪದ್ಧತಿ. ಪರಸಪ್ಪನೆಂಬ ಗೌಳಿಗ ಮುಂದೆ ನಿಂತು ಹಾಡಿದ. ಪಾಪ, ದನಿ ದೊಡ್ಡದು, ಆದರೆ ತಾಳ ಒಂದು ಕಡೆ, ಹಾಡು ಒಂದು ಕಡೆ. ಹಿಂದಿನವರು ಪಲ್ಲವಿ ಎತ್ತಿಕೊಳ್ಳುವುದೋ ಬಿಡುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭರಮಣ್ಣ ಕಂಬದ ಹಿಂದೆ ತಲೆ ತಗ್ಗಿಸಿ ಕುಳಿತಿದ್ದ.

ಆರತಿಯಾದ ಮೇಲೆ ಅವನು ಎದ್ದು ಒಬ್ಬೊಬ್ಬರ ಅಂಗೈಯಲ್ಲಿ ಒಂದು ಗುಳಿಗೆ, ಒಂದು ಚಿಟಿಕೆ ಸಕ್ಕರೆ ಹಾಕುತ್ತ ಬಂದ. ಎಲ್ಲರೂ ಬಲಗೈ ಮೇಲೆ ಮಾಡಿ ಹಿಡಿದು, ಗುಳಿಗೆಯನ್ನು ಕಣ್ಣಿಗೊತ್ತಿಕೊಂಡರು. ನೋಡಿ ನನಗೆ ಹಿಗ್ಗು ತಡೆಯಲಾಗಲಿಲ್ಲ. ಔಷಧವನ್ನು ಇಷ್ಟು ಭಕ್ತಿಯಿಂದ ತೆಗೆದುಕೊಳ್ಳುವ ಜನ ಎಲ್ಲಿದ್ದಾರೆ, ನನ್ನ ಯುಕ್ತಿ ಎಂಥದು ಎಂದುಕೊಂಡೆ. ಮರುಗಳಿಗೆ ನೋಡಿದರೆ ಗಂಡಸರು ಅದನ್ನು ರುಮಾಲಿನ ಚುಂಗಿಗೆ ಕಟ್ಟಿಕೊಳ್ಳುತ್ತಿದ್ದರು, ಹೆಂಗಸರು ಸೆರಗಿಗೆ. ಒಬ್ಬರೂ ಬಾಯಿಗೆ ಹಾಕಲಿಲ್ಲ.

"ನುಂಗಲಿಲ್ಲವೇ?" ಎಂದು ಪಕ್ಕದಲ್ಲಿದ್ದ ಪರಸಪ್ಪನನ್ನು ಕೇಳಿದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಮನಿಗಿ ಒಯ್ಯಬೇಕಲ್ರಿ."

ಅವನ ಹಿಂದೆಯೇ ಹೋದೆ. ಗುಡಿಯ ಮಗ್ಗುಲಿಗೇ ಮನೆ. ಪರಸಪ್ಪ ಗುಳಿಗೆಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ದೇವರ ಮುಂದೆ ಇಟ್ಟು ನಮಸ್ಕರಿಸಿ, ಅಡಕತ್ತರಿ ತಂದು, ಬಲು ಜಾಣತನದಿಂದ ಕತ್ತರಿಸತೊಡಗಿದಳು. ಅತ್ತೆಗೊಂದು ಚೂರು, ಗಂಡನಿಗೊಂದು, ಮೂರು ಮಕ್ಕಳಿಗೆ ಮೂರು, ತನಗೊಂದು. ಇನ್ನೂ ಒಂದು ಚೂರು ಉಳಿದಿತ್ತು. ಅದನ್ನು ಬೆಲ್ಲದಲ್ಲಿ ಹುದುಗಿಸಿಕೊಂಡು ಕೊಟ್ಟಿಗೆಯ ಕಡೆ ಹೊರಟಳು.

"ಅದು ಯಾರಿಗವ್ವಾ?" ಎಂದೆ.

"ಎಮ್ಮಿಗ್ರಿ."

"ಎಮ್ಮೆಗೆ ಏಕೆ?"

"ಪ್ರಸಾದ ಅಲ್ಲೇನ್ರಿ? ಮನ್ಯಾಗಿನ ಮೂಕಜೀವಕ್ಕ ಕೊಡದ ನಾವಷ್ಟಽ ತಿನ್ನೂದು ಹೆಂಗ?"

ನಾನು ಅವರ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ನಿಂತಿತು. ಒಂದು ವರ್ಷದಿಂದ ಆ ವಾಡಿಯಲ್ಲಿ ಒಬ್ಬ ಮನುಷ್ಯನ ಹೊಟ್ಟೆಗೂ ಪೂರಾ ಒಂದು ಗುಳಿಗೆ ಹೋಗಿರಲಿಲ್ಲ. ಪ್ರಸಾದವನ್ನು ಒಬ್ಬರೇ ತಿನ್ನುವುದು ನಮ್ಮಲ್ಲಿ ಎಂದಾದರೂ ಉಂಟೇ? ನನ್ನ ತಾಯಿ ಗುಡಿಯಿಂದ ತಂದ ಒಂದು ಬಾಳೆಹಣ್ಣನ್ನು ಎಂಟು ತುಂಡು ಮಾಡುತ್ತಿದ್ದಳು. ನಾನೂ ಆ ತುಂಡು ತಿಂದೇ ಬೆಳೆದವನು. ಸಭೆಯಲ್ಲಿ ಚಪ್ಪಾಳೆಯ ಸದ್ದಿನಲ್ಲಿ ಅದನ್ನು ಮರೆತಿದ್ದೆ.

ತಿರುಗಿ ಬಂದು ಭರಮಣ್ಣನನ್ನು ಕೇಳಿದೆ: "ಎಲ್ಲರೂ ಚೂರು ಮಾಡಿ ತಿನ್ನುವುದು ನಿನಗೆ ಗೊತ್ತಿತ್ತೇನಪ್ಪಾ?"

"ಗೊತ್ತಿಲ್ಲದ ಏನ್ರಿ," ಎಂದ ಅವನು. "ಗುಳಿಗಿ ಕಡಿಮಿ, ಮಂದಿ ಭಾಳ. ಎಲ್ಲಾರಿಗೂ ಹಂಚಿ ತಿನ್ಲಿ ಅಂತನಽ ನೀವು ಪ್ರಸಾದ ಅಂತ ಹೆಸರಿಟ್ಟೀರಿ ಅಂತ ತಿಳದಿದ್ದೆ. ಭಾಳ ಚಲೋ ಮನಸಿನವರು ಅಂದ್ಕೊಂಡಿದ್ದೆ."

ನಾನು ನೋಟುಪುಸ್ತಕ ತೆರೆಯಲೇ ಇಲ್ಲ. ತಲೆ ಮೇಲೆತ್ತಲಾಗದೆ ಅಲ್ಲೇ ಕುಳಿತೆ. ಕೊನೆಗೆ, ತಪ್ಪು ಅವನದಲ್ಲ, ನನ್ನದು, ಒಂದು ಗುಳಿಗೆ ಒಬ್ಬರಿಗೇ ಪೂರಾ ಸೇರಬೇಕಿತ್ತು ಎಂದು ಹೇಳಿದೆ.

ಶುಕ್ರವಾರ ಬೆಳಿಗ್ಗೆ ಗೋದವ್ವ ಗುಡಿಯ ಪಾತ್ರೆ ತಿಕ್ಕುತ್ತಿದ್ದಳು. ಎಲ್ಲ ಸಂಗತಿ ಅವಳಿಗೆ ಹೇಳಿ, ಇನ್ನು ಮುಂದೆ ಪ್ರಸಾದವೆನ್ನದೆ ಔಷಧವೆಂದೇ ಹೇಳಿ ಕೊಡಬೇಕು, ಆದರೆ ಕೈಗೆ ಕೊಟ್ಟರೆ ಮತ್ತೆ ಮನೆಗೇ ಹೋಗುತ್ತದಲ್ಲ ಎಂದು ತಲೆ ಕೆರೆದುಕೊಂಡೆ. ಅವಳು ಕೈಯಲ್ಲಿದ್ದ ಪಂಚಪಾತ್ರೆಯನ್ನು ತೋರಿಸಿದಳು.

"ಗುಳಿಗಿ ಕರಗತೈತೇನ್ರಿ?"

"ಕರಗಿಸಬಹುದು."

"ಹಂಗಾರ ತೀರ್ಥದಂಗ ಕೊಡ್ರಿ. ಉದ್ಧರಣಿಲೆ ಅಂಗೈಗೆ ಹಾಕಿದ್ರ ಅಲ್ಲೇ ಕುಡೀಬೇಕು. ಸೆರಗಿಗೆ ಕಟ್ಟಾಕ ಬರಂಗಿಲ್ಲ. ಬೇಕಾದಾವ್ರು ತಾವಽ ಬರ್ತಾರ. ಎಮ್ಮಿ ಗುಡಿಗೆ ಬರಂಗಿಲ್ಲ. ಔಷಧ ಅಂತ ಹೇಳೇ ಕೊಡ್ರಿ, ದೇವರ ಹೆಸರಲೆ ಯಾರಿಗೂ ಮೋಸ ಮಾಡೂದು ಬ್ಯಾಡ."

ನಮ್ಮ ಮಂಡಳಿಯ ಹನ್ನೆರಡು ತಲೆಗಳು ಒಂದು ವರ್ಷ ಕೂಡಿ ಮಾಡದ ಕೆಲಸ ಅದು. ಬೂದಿ ಹತ್ತಿದ ಕೈಯಿಂದಲೇ ಅವಳು ಮೂಗು ಒರೆಸಿಕೊಂಡು ಮತ್ತೆ ಪಾತ್ರೆ ತಿಕ್ಕತೊಡಗಿದಳು.

ನಾನು ಎರಡು ಮೈಲಿ ನಡೆದು ಖಾನಾಪುರದ ದವಾಖಾನೆಗೆ ಹೋದೆ. ಅಲ್ಲಿಯ ಕಂಪೌಂಡರರು ತೆಳ್ಳಗಿನ, ಬಹಳ ನಗುವ ಮನುಷ್ಯ. ಎಮ್ಮೆಯ ಕತೆ ಕೇಳಿ ಅವರ ಕೈಯಲ್ಲಿದ್ದ ಬಾಟಲಿ ಬೀಳುವುದೊಂದು ಉಳಿಯಿತು. ನಿಂಬೆಹಣ್ಣಿನ ರಸದಲ್ಲಿ ಗುಳಿಗೆಯ ಪುಡಿ ಹೇಗೆ ಕರಗಿಸಬೇಕು, ದೊಡ್ಡವರಿಗೆಷ್ಟು, ಮಕ್ಕಳಿಗೆಷ್ಟು, ಎಷ್ಟು ದಿನ ಎಂಬುದನ್ನು ತೋರಿಸಿಕೊಟ್ಟು, ಡಬ್ಬಿಯಲ್ಲಿದ್ದದ್ದು ಸಾಲದೆಂದು ಇನ್ನಷ್ಟು ಗುಳಿಗೆಯನ್ನೂ ಅಳತೆಯ ಗೆರೆ ಹಾಕಿದ ಎರಡು ಬಾಟಲಿಯನ್ನೂ ಕೊಟ್ಟರು. ಅವರ ಸಂಗಡ ಒಂದು ಕಪ್ಪು ಚಹಾ, ಒಂದು ಪ್ಲೇಟು ಬಿಸಿ ಭಜಿ ಆಯಿತು. ಬಿಸಿಲು ಏರುವುದರೊಳಗೆ ವಾಡಿಗೆ ತಿರುಗಿದೆ, ಮನಸ್ಸು ಹಗುರವಾಗಿತ್ತು.

ಆದರೆ ಭರಮಣ್ಣ ಬಾಟಲಿ ಮುಟ್ಟಲಿಲ್ಲ.

"ಬ್ಯಾರೆ ಯಾರಿಗರ ಕೊಡ್ರಿ," ಎಂದ. ತಿಗರಿಯ ಮುಂದೆ ಕುಳಿತಿದ್ದರೂ ಅದನ್ನು ತಿರುಗಿಸುತ್ತಿರಲಿಲ್ಲ.

"ನಿನ್ನ ತಪ್ಪಿಲ್ಲವೆಂದು ಮಂಡಳಿಯಿಂದ ಇನ್ನೊಂದು ಕಾಗದ ಕಳಿಸುತ್ತೇನೆ. ಡಾಕ್ಟರರ ಸಹಿಯನ್ನೂ ಹಾಕಿಸುತ್ತೇನೆ."

"ಇನ್ನೊಂದು ಕಾಗದಾ ಬ್ಯಾಡ್ರಿ, ಕೈ ಮುಗೀತೀನಿ." ಮುಂದೆ ಅವನೇ ಹೇಳಿದ, "ನೀವು ನಿನ್ನಿ ನನಗ ಹೇಳಿದ್ರಿ. ನನಗ ಮೊದಲಽ ಗೊತ್ತಿತ್ತು, ನಾ ಕದ್ದಿಲ್ಲಂತ. ಗೊತ್ತಿಲ್ಲದಾವ್ರು ಅವರು. ಕಾಗದಾ ಓದಿದ್ದು ಕಟ್ಟಿ ಮ್ಯಾಲ. ಆ ಮಾತೂ ಅಲ್ಲೇ ಆಗಬೇಕು. ಇಲ್ಲಂದ್ರ ನಾ ಇಲ್ಲಿ ಇರಾಂವಲ್ಲ."

ಕಟ್ಟೆಯ ಮೇಲೆ ನಿಂತು ನಾನು ಮೂರ್ಖನೆಂದು ಹೇಳಬೇಕು, ಅಷ್ಟೇ. ಕೇಳಲು ಸಣ್ಣ ಮಾತು. ಆ ಮಧ್ಯಾಹ್ನವೆಲ್ಲ ಹೊಳೆಯ ದಂಡೆಯ ಮೇಲೆ ಅಡ್ಡಾಡುತ್ತ, ಹೇಗೆ ಹೇಳಿದರೆ ಮರ್ಯಾದೆ ಉಳಿದೀತೆಂದು ವಾಕ್ಯ ಜೋಡಿಸಿದೆ. "ಮಂಡಳಿಯ ತಿಳಿವಳಿಕೆಯಲ್ಲಿ ಅಲ್ಪ ದೋಷವಾಗಿ" ಎಂದು ಒಂದು ವಾಕ್ಯ ಚೆನ್ನಾಗಿ ಬಂತು. ಅದನ್ನು ಗೋದವ್ವನೆದುರು ಹೇಳಿದರೆ ಏನಂದಾಳೆಂದು ಯೋಚಿಸಿದೆ. ಆ ವಾಕ್ಯ ಬಿಟ್ಟೆ.

ಇಳಿಹೊತ್ತಿಗೆ ಪರಸಪ್ಪ ಡಪ್ಪು ಬಾರಿಸಿ ಜನ ಕೂಡಿಸಿದ. ಈ ಸಲ ಮನೆಗೊಬ್ಬರಲ್ಲ, ಕೂಸುಕುನ್ನಿ ಸಮೇತ ಎಲ್ಲರೂ ಬರಬೇಕೆಂದು ಹೇಳಿಸಿದ್ದೆ. ಮಾಸ್ತರ ಡಬ್ಬಿ ಒಯ್ಯಲು ಬಂದಿದ್ದಾನೆ, ಭರಮಾನ ವಿಚಾರಣೆ ಆಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಭರಮಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಕಟ್ಟೆ ಹತ್ತಿದೆ.

"ಆ ಕಾಗದಾ ಬರದಾವಾ ನಾನು," ಎಂದೆ. ಮನೆಯಲ್ಲಿ ಆಡುವ ಮಾತೇ ಬಾಯಿಗೆ ಬಂತು. "ಗುಳಿಗಿಗೆ ಪ್ರಸಾದ ಅಂತ ಹೆಸರು ಇಟ್ಟಾವನೂ ನಾನಽ. ಪ್ರಸಾದ ಅಂದ್ರ ನೀವು ಹಂಚಿ ತಿಂತೀರಿ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ. ಒಂದು ಗುಳಿಗಿ ಒಬ್ಬರಽ ನುಂಗಿದ್ರ ಜ್ವರ ಹೋಗ್ತದ. ಏಳು ಮಂದಿ ನುಂಗಿದ್ರ ಯಾರದೂ ಹೋಗಂಗಿಲ್ಲ. ಭರಮಣ್ಣ ಹೇಳಿದ್ದಷ್ಟು ಮಾಡ್ಯಾನ. ತಪ್ಪು ನನ್ನದು. ತಪ್ಪು ಮಾಡಿ ಅವನ ಮ್ಯಾಲ ಹಾಕಿದೆ, ಅದು ಇನ್ನೂ ದೊಡ್ಡ ತಪ್ಪು. ನಿಮ್ಮೆಲ್ಲಾರ ಮುಂದ ಅವನ ಕ್ಷಮಾ ಬೇಡ್ತೀನಿ."

ಹೇಳಿ ಭರಮಣ್ಣನ ಕಡೆ ತಿರುಗಿ ಕೈ ಮುಗಿದೆ. ಪರಸಪ್ಪ ಎದ್ದು ನಿಂತ. "ಹಂಗಾರ ಭರಮಾ ಏನೂ ತಗೊಂಡಿಲ್ಲೇನ್ರಿ?"

"ಒಂದು ಗುಳಿಗಿ ಸೈತ ಇಲ್ಲ."

ಪರಸಪ್ಪನೂ ಭರಮಣ್ಣನ ಬಗ್ಗೆ ಬಹಳ ಆಡಿಕೊಂಡಿದ್ದನೆಂದು ಗೋದವ್ವ ಹೇಳಿದ್ದಳು. ಈಗ ಅವನು ತನ್ನ ಕೈಯ ತಾಳಗಳನ್ನು ಒಯ್ದು ಭರಮಣ್ಣನ ಮುಂದೆ ಹಿಡಿದ. "ತಗೋ ಮಾರಾಯಾ. ಒಂದು ತಿಂಗಳಾತು ಕಿರಚಿ ಕಿರಚಿ ನನ್ನ ಗಂಟಲಾ ಹರದೈತಿ."

ಮೊದಲು ಹೆಂಗಸರ ಕಡೆಯಿಂದ ನಗು ಎದ್ದಿತು, ಆಮೇಲೆ ಎಲ್ಲ ಕಡೆಯಿಂದ. ಭರಮಣ್ಣ ತಾಳ ತೆಗೆದುಕೊಂಡ. ಕಣ್ಣು ತುಂಬಿದ್ದವು, ಅವನು ಒರೆಸಿಕೊಳ್ಳಲೂ ಇಲ್ಲ. ನನ್ನ ಕಣ್ಣೂ ಒದ್ದೆಯಾದವು. ಗೋದವ್ವ ನನಗೆ ಕೇಳುವಂತೆ, "ಕಡದು ಕಡದು ತಿಂದಾವ್ರು ನಾವೂ ಇದ್ದೇವಲ್ರಿ. ಎಲ್ಲಾ ನೀವಽ ಹೊತ್ಕೋಬ್ಯಾಡ್ರಿ" ಎಂದಳು.

ಔಷಧದ ಮೊದಲ ಉದ್ಧರಣೆ ನಾನೇ ಕುಡಿದೆ. ಕ್ವಿನೈನ್ ಕಹಿಯೆಂದು ಒಂದು ವರ್ಷ ಬರೆದಿದ್ದೆನೇ ಹೊರತು ಎಂದೂ ನೆಕ್ಕಿ ನೋಡಿರಲಿಲ್ಲ. ನನ್ನ ಮುಖ ಹೇಗಾಯಿತೋ, ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ಮುಖ ಇನ್ನೊಮ್ಮೆ ಮಾಡಿ ತೋರಿಸೆಂದು ಒಬ್ಬಳು ಹುಡುಗಿ ನನ್ನ ಹತ್ತಿರ ಎರಡು ಸಲ ಬಂದಳು. ಭರಮಣ್ಣ ಅಳತೆ ತಪ್ಪದೆ ಒಬ್ಬೊಬ್ಬರ ಅಂಗೈಗೆ ಹಾಕುತ್ತ ಹೋದ. ಎಲ್ಲರೂ ಅಲ್ಲೇ ಕುಡಿದು, ಅಲ್ಲೇ ಮುಖ ಕಿವುಚಿ, ಅಲ್ಲೇ ಬೆಲ್ಲ ಬೇಡಿದರು. ಗುಡಿಯೊಳಗೆ ಬರಬಾರದ ದಿನದಲ್ಲಿದ್ದ ಹೆಂಗಸರು ಮೆಟ್ಟಿಲ ಕೆಳಗೆ ದೂರ ನಿಂತಿದ್ದರು. ಅವರ ವಿಚಾರ ನನಗೆ ಹೊಳೆದೇ ಇರಲಿಲ್ಲ. ಗೋದವ್ವ ಇನ್ನೊಂದು ಬಾಟಲಿ ಹಿಡಿದು ಅವರ ಹತ್ತಿರ ಹೋದಳು.

ಆಮೇಲೆ ಭರಮಣ್ಣ ಮುಂದೆ ನಿಂತು ಹಾಡಿದ. ಮೊದಲ ಸಾಲು ಒಬ್ಬನದೇ ಆಯಿತು. ಎರಡನೆಯ ಸಾಲಿಗೆ ಅವನು ಬಾಯಿ ತೆರೆಯುವ ಮೊದಲೇ ಇಡೀ ವಾಡಿ ಪಲ್ಲವಿ ಎತ್ತಿಕೊಂಡಿತು. ಮುದುಕರು, ಸೊಸೆಯರು, ಕಹಿ ಬಾಯಿಯ ಮಕ್ಕಳು. ನನಗೆ ಹಾಡಲು ಬಾರದು. ಆದರೂ ಹಾಡಿದೆ.

ಶನಿವಾರ ಬೆಳಿಗ್ಗೆ ಭರಮಣ್ಣ ನನ್ನ ಹಾಸಿಗೆ ಹೊತ್ತು ಸ್ಟೇಶನ್ನಿನವರೆಗೆ ಬಂದ. ಡಬ್ಬಿ ಅವನ ಮನೆಯಲ್ಲೇ ಉಳಿಯಿತು. ಮಂಜು ಹೊಳೆಯ ಮೇಲೆ ಇನ್ನೂ ಕೂತಿತ್ತು. ದಾರಿಯಲ್ಲಿ ಇಬ್ಬರು ಹೆಂಗಸರು ಎದುರಾಗಿ, ದೀಪಾವಳಿಗೆ ಹಣತೆ ಯಾವಾಗ ಸುಡುತ್ತಾನೆಂದು ಅವನನ್ನು ಕೇಳಿದರು. ಸೋಮವಾರ ಎಂದು ಅವನು ಹೇಳಿದ. ಮಾವನ ಊರಿಗೆ ಯಾವಾಗ ಹೊರಡುತ್ತೀ ಎಂದು ನಾನು ಬೇಕೆಂತಲೇ ಕೇಳಿದೆ. "ತಿಗರಿ ಭಾಳ ವಜ್ಜಿ ಐತ್ರಿ, ಯಾಂವ ಹೊರತಾನ" ಎಂದು ನಕ್ಕ. ಎರಡು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ರೈಲು ಬಂತು. ಹಾಸಿಗೆಯನ್ನು ಒಳಗಿಟ್ಟು ಅವನು ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಕೇಳಬೇಕೆಂದಿದ್ದ ಮಾತು ಅಲ್ಲಿಯವರೆಗೆ ಬಾಯಿಗೆ ಬಂದಿರಲಿಲ್ಲ. "ನನ್ನ ಮೇಲೆ ಸಿಟ್ಟು ಇದೆಯೇನು?" ಎಂದು ಕೇಳಿದೆ.

"ಇತ್ರಿ," ಎಂದ. "ನಿನ್ನಿ ನೀವು ಕಟ್ಟಿ ಹತ್ತಿದಾಗ ಹೋತು." ಗಾಡಿ ಅಲುಗಾಡಿತು. ಅವನು ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಗೆ ನಡೆದ. "ಒಂದು ಮಾತ್ರಿ, ಮಾಸ್ತರ್ರ. ಇನ್ನ ಮ್ಯಾಲ ಏನರ ಸಂಶೇ ಬಂದ್ರ ಕಾಗದಾ ಬರೀಬ್ಯಾಡ್ರಿ. ಬಂದುಬಿಡ್ರಿ. ಗೋದವ್ವ ಊಟಕ್ಕ ಹಾಕ್ತಾಳ."

ಬರುತ್ತೇನೆಂದು ಕೂಗಿ ಹೇಳಿದೆ. ತಿರುವಿನವರೆಗೂ ಕತ್ತು ಚಾಚಿ ನೋಡಿದೆ, ಅವನು ಪ್ಲ್ಯಾಟ್‌ಫಾರ್ಮಿನ ತುದಿಯಲ್ಲಿ ನಿಂತೇ ಇದ್ದ. ಬೆಳಗಾವಿಯಿಂದ ಖಾನಾಪುರ ಒಂದು ತಾಸಿನ ದಾರಿ. ಇಡೀ ವರ್ಷದಲ್ಲಿ ನಾನು ಒಮ್ಮೆಯೂ ಬಂದು ನೋಡಿರಲಿಲ್ಲ.